ಹಾಲೇಶಣ್ಣನ ಕ್ಯಾಸೆಟ್ಟೂ ಎಮ್ಮೆ ಸ್ಟಾಪೂ

ಉಗುರುಬಣ್ಣದ ವಾಸನೆ ನಿಮಗೆ ಏನನ್ನು ನೆನಪಿಗೆ ತರುತ್ತದೋ ನನಗೆ ಗೊತ್ತಿಲ್ಲ. ಯಾರದೋ ಮದುವೆ ಮನೆ ಇರಬಹುದು, ಹಾಸ್ಟೆಲ್ಲಿನ ಗೆಳತಿಯರಿರಬಹುದು. ನನಗೆ ಮಾತ್ರ ಅದು ಬಸ್ಸಿನ ವಾಸನೆ. ಮೊನ್ನೆ ಭಾನುವಾರ ನನ್ನ ತಮ್ಮನ ಮಗಳು ಸಿಂಚನ ಜಗಲಿಯ ಮೇಲೆ ಕುಳಿತು, ನಾಲಿಗೆಯ ತುದಿ ಕಚ್ಚಿಕೊಂಡು, ಭಾರೀ ಶ್ರದ್ಧೆಯಿಂದ ಉಗುರಿಗೆ ಕೆಂಪು ಬಳಿದುಕೊಳ್ಳುತ್ತಿದ್ದಳು. ಅಷ್ಟು ಶ್ರದ್ಧೆ ಪುಸ್ತಕದ ಮೇಲಿದ್ದರೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿದು, ಬಾಯಿಂದ "ಹಾಲೇಶಣ್ಣ" ಎಂಬ ಹೆಸರು ಹೊರಬಿತ್ತು.

"ಯಾರತ್ತೆ ಅದು ಹಾಲೇಶಣ್ಣ? ಇಷ್ಟು ವರ್ಷ ಮುಚ್ಚಿಟ್ಟಿದ್ರಾ?" ಎಂದು ಅವಳು ಕಣ್ಣರಳಿಸಿದಳು. ಮದುವೆಯಾಗದೆ ಉಳಿದ ಅತ್ತೆಯ ಬಾಯಲ್ಲಿ ಗಂಡಸಿನ ಹೆಸರು ಬಂದರೆ ಈಗಿನ ಹುಡುಗಿಯರಿಗೆ ಹಬ್ಬ.

ಕತೆ ಇತ್ತು ನಿಜ, ಆದರೆ ಅವಳು ಅಂದುಕೊಂಡ ಕತೆಯಲ್ಲ. ಹಾಲೇಶಣ್ಣ ಎಂದರೆ ನಾನು ಹೊಸದಾಗಿ ಟೀಚರ್ ಕೆಲಸಕ್ಕೆ ಸೇರಿದಾಗ ಚನ್ನಗಿರಿಯಿಂದ ನಲ್ಲೂರು, ಸಂತೇಬೆನ್ನೂರು ಸುತ್ತಿಕೊಂಡು ದಾವಣಗೆರೆಗೆ ಹೋಗುತ್ತಿದ್ದ ಖಾಸಗಿ ಬಸ್ಸಿನ ಡ್ರೈವರು. ದಪ್ಪ ಮೀಸೆ, ಖಾಕಿ ಅಂಗಿ, ಬಲಗೈಯ ಹೆಬ್ಬೆರಳಿನ ಉಗುರಿಗೆ ಮಾತ್ರ ಕೆಂಪು ಬಣ್ಣ. ಎಪ್ಪತ್ತು ಕಳೆದು ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಡ್ರೈವರನೊಬ್ಬ ಉಗುರಿಗೆ ಬಣ್ಣ ಹಚ್ಚಿದರೆ ಊರು ಸುಮ್ಮನಿರುತ್ತದೆಯೇ? ಹರಕೆ ಇರಬೇಕು ಎಂದವರುಂಟು, ಇನ್ನೇನೋ ಎಂದು ಕಣ್ಣು ಹೊಡೆದವರೂ ಉಂಟು. ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು ಆ ಉಗುರನ್ನೇ ದಿನಾ ನೋಡುತ್ತಿದ್ದೆ. ಕೊನೆಗೊಂದು ದಿನ ತಡೆಯಲಾರದೆ ಕಂಡಕ್ಟರ್ ಬಾಷಣ್ಣನನ್ನು ಕೇಳಿಯೇಬಿಟ್ಟೆ.

"ಅದಾ? ಹಾಡಿನ ಟೇಪ್ ಅಂಟ್ಸಾಕೆ ಟೀಚರಮ್ಮ. ಹರಿದ್ರೆ ಹೆಬ್ಬೆಟ್ಟಿನ ಉಗುರ ಮ್ಯಾಲಿಟ್ಟು ಉಗುರುಬಣ್ಣ ಹಚ್ಚಿ ಅಂಟಿಸ್ತಾನೆ. ಒಣಗೋ ಮಟ ಬಾಯಿಂದ ಊದ್ತಾ ಕುಂತಿರ್ತಾನೆ, ನೋಡಾಕಾಗಲ್ಲ" ಎಂದ ಬಾಷಣ್ಣ.

ಆ ಬಸ್ಸಿನಲ್ಲಿ ಡ್ರೈವರನ ತಲೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಮರದ ಪೆಟ್ಟಿಗೆಯೊಳಗೊಂದು ಟೇಪ್ ರೆಕಾರ್ಡರ್ ಇತ್ತು. ಬೇರೆ ಬಸ್ಸುಗಳಲ್ಲೂ ಇತ್ತು ಅನ್ನಿ. ಆದರೆ ಅಲ್ಲೆಲ್ಲ ಅಂಗಡಿಯ ಕ್ಯಾಸೆಟ್ಟುಗಳು ಹಾಡುತ್ತಿದ್ದವು. ಹಾಲೇಶಣ್ಣನ ಬಸ್ಸಿನಲ್ಲಿ ಹಾಡುತ್ತಿದ್ದದ್ದು ಹಾಲೇಶಣ್ಣನೇ ಮನೆಯಲ್ಲಿ ಕುಳಿತು ತಯಾರಿಸಿದ ಕ್ಯಾಸೆಟ್. ಈಗ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು ಹಾಡಿಗೆ ಹಾಡು ಜೋಡಿಸಿ ಕುಣಿಸುವವರಿಗೆ ಡಿಜೆ ಎನ್ನುತ್ತಾರಂತೆ. ನಮ್ಮ ತಾಲೂಕಿನ ಮೊದಲನೆಯ ಡಿಜೆ ಹಾಲೇಶಣ್ಣನೇ ಎಂದು ನಾನು ಯಾರ ಮುಂದೆ ಬೇಕಾದರೂ ವಾದ ಮಾಡಬಲ್ಲೆ. ಕುಣಿತ ಮಾತ್ರ ನಮ್ಮದಲ್ಲ, ರಸ್ತೆಯ ಗುಂಡಿಗಳದ್ದು.

ಅವನ ಮನೆ ನಲ್ಲೂರಿನಲ್ಲಿ. ಮನೆಯಲ್ಲಿದ್ದವರು ಅವನೂ, ಅವನ ತಾಯಿ ಗಂಗಮ್ಮನವರೂ, ಒಂದು ಎಮ್ಮೆಯೂ. ಅರಬ್ ದೇಶದಿಂದ ಬಂದ ಯಾರಿಂದಲೋ ಕೊಂಡ ರೇಡಿಯೊ ಕಮ್ ಟೇಪ್ ರೆಕಾರ್ಡರ್ ಒಂದಿತ್ತು. ರಜೆ ಸಿಕ್ಕ ದಿನ ಅದನ್ನು ಪಡಸಾಲೆಯಲ್ಲಿಟ್ಟುಕೊಂಡು, ರೇಡಿಯೊದಲ್ಲಿ ಹೇಳುವವರ ಮಾತು ಮುಗಿದು ಹಾಡು ಶುರುವಾಗುವ ಕ್ಷಣಕ್ಕೆ ಗುಂಡಿ ಒತ್ತಲು ಬೆರಳು ಹಿಡಿದು ಕಾಯುತ್ತಿದ್ದನಂತೆ. ಬೆಕ್ಕು ಇಲಿಗೆ ಕಾದಂತೆ. ಎಷ್ಟು ಕಾದರೂ ಹೇಳುವವರ ಕೊನೆಯ ಅಕ್ಷರವೋ ಕೆಮ್ಮೋ ಬಾಲದಂತೆ ಒಳಗೆ ಬಂದುಬಿಡುತ್ತಿತ್ತು. ಹೀಗಾಗಿ ನಮ್ಮ ಬಸ್ಸಿನಲ್ಲಿ ಒಂದು ಪ್ರೇಮಗೀತೆ ಯಾವಾಗಲೂ ಕೆಮ್ಮಿನಿಂದಲೇ ಶುರುವಾಗುತ್ತಿತ್ತು. ಇಂದಿಗೂ ಆ ಹಾಡನ್ನು ಕೆಮ್ಮಿಲ್ಲದೆ ಕೇಳಿದರೆ ನನಗೆ ಏನೋ ಕಡಿಮೆಯಾದಂತೆ ಅನಿಸುತ್ತದೆ.

ಆದರೆ ಅವನ ಕೈಚಳಕ ಇದ್ದದ್ದು ಹಾಡಿನ ಆಯ್ಕೆಯಲ್ಲಿ ಅಲ್ಲ, ರಸ್ತೆಗೆ ಹಾಡನ್ನು ಹೊಂದಿಸುವುದರಲ್ಲಿ. ಬಸ್ ಸ್ಟ್ಯಾಂಡು ಬಿಡುವಾಗ ದೇವರ ಹಾಡು, ಊರು ದಾಟಿ ನೆಟ್ಟಗಿನ ರಸ್ತೆಗೆ ಬಿದ್ದಾಗ ಓಡುವ ಹಾಡು, ಗುಂಡಿಗಳ ಜಾಗಕ್ಕೆ ಜೋಗುಳದಂಥದ್ದು, ತಿರುವುಗಳಲ್ಲಿ ಕೊಳಲು. ಹತ್ತಾರು ಸಲ ಅಳಿಸಿ, ಕತ್ತರಿಸಿ, ಅಂಟಿಸಿ, ನಲ್ಲೂರು ಬರುವಾಗ ಇದೇ ಸಾಲು ಬರಬೇಕು, ಸಂತೇಬೆನ್ನೂರು ಬರುವಾಗ ಇದೇ ಚರಣ ಬರಬೇಕು ಎನ್ನುವಂತೆ ಮಾಡಿಟ್ಟಿದ್ದ. ಸಂತೆಯ ದಿನ ಮೂಟೆ ಏರಿಸಿ ಇಳಿಸಲು ಹೊತ್ತು ಹಿಡಿಯುತ್ತದೆಂದು ಆ ದಿನಕ್ಕೆ ಬೇರೆಯೇ ಕ್ಯಾಸೆಟ್ ಇತ್ತು. ನಮ್ಮ ಮನೆಯಲ್ಲಿ ರೇಡಿಯೊ ಅಪ್ಪನ ಆಸ್ತಿ. ಅದು ವಾರ್ತೆ ಹೇಳಿ, ಕೃಷಿಕರಿಗೆ ಸಲಹೆ ಕೊಟ್ಟು ಬಾಯಿ ಮುಚ್ಚುತ್ತಿತ್ತು. ಆದ್ದರಿಂದ ನನ್ನ ಸಂಗೀತ ಜ್ಞಾನವೆಲ್ಲ ಟಿಕೆಟ್ ತೆಗೆದುಕೊಂಡು ಪಡೆದದ್ದು. ಅದೂ ಅರ್ಧಂಬರ್ಧ. ಸಂತೇಬೆನ್ನೂರಿನ ಹಾಡಿನ ಎರಡನೆಯ ಚರಣ ಹೇಗಿದೆ ಎಂದು ನನಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ, ಅಷ್ಟರಲ್ಲಿ ನಾನು ಇಳಿದು ಶಾಲೆಯ ಹಾದಿ ಹಿಡಿದಿರುತ್ತಿದ್ದೆ.

ಈಗ ಎಮ್ಮೆಯ ವಿಷಯಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಹಾಲೇಶಣ್ಣ ಹಾಡು ತುಂಬಿಸುತ್ತಿದ್ದಾಗ ಹಿತ್ತಲಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡಿತು. ಗಂಗಮ್ಮನವರು ಅಲ್ಲಿಂದಲೇ ಕೂಗಿದರು. ಗಂಟಲೆಂದರೆ ಗಂಟಲು ಅದು. ಎರಡು ಹಾಡುಗಳ ನಡುವಿನ ಸಂದಿಯಲ್ಲಿ ಆ ಕೂಗು ಚೊಕ್ಕಟವಾಗಿ ಹೋಗಿ ಕುಳಿತಿತು: "ಏ ಹಾಲೇಶಾ, ಎಮ್ಮೆ ಬಿಚ್ಕೊಂಡೈತೆ ನೋಡೋ!" ಆಮೇಲೆ ಅಳಿಸಬಹುದಿತ್ತು. ಅವನು ಅಳಿಸಲಿಲ್ಲ. ಅಳಿಸಿದರೆ ಮುಂದಿನ ಹಾಡುಗಳೆಲ್ಲ ರಸ್ತೆಗೆ ತಪ್ಪುತ್ತವೆ ಎಂದು ನಮಗೆ ಹೇಳಿದ. ಅವ್ವನ ಕೂಗು ಅವನಿಗೆ ಇಷ್ಟವಾಗಿತ್ತು ಎಂಬುದೇ ನಿಜವೆಂದು ನನ್ನ ಗುಮಾನಿ.

ಆ ಕೂಗು ದಿನಾ ಸರಿಯಾಗಿ ಬೀಳುತ್ತಿದ್ದದ್ದು ನಲ್ಲೂರು ದಾಟಿದ ಮೇಲೆ ಸಿಗುವ ಒಂದು ಮೋರಿಯ ಹತ್ತಿರ. ಆ ಜಾಗಕ್ಕೆ ಹೆಸರೇ ಇರಲಿಲ್ಲ. ಎರಡು ಹಳ್ಳಿಗಳ ಕಾಲುದಾರಿ ಬಂದು ಸೇರುವ ಜಾಗ, ಒಂದು ಹುಣಸೇಮರ, ಅಷ್ಟೇ. ಕೂಗು ಬಂದ ಕೂಡಲೇ ಬಸ್ಸಿಗೆ ಬಸ್ಸೇ ಅದರ ಜೊತೆ ಕೂಗುತ್ತಿತ್ತು. ಮುದುಕರು, ಕಾಲೇಜು ಹುಡುಗರು, ಕಂಕುಳಲ್ಲಿ ಕೂಸು ಹೊತ್ತವರು ಎಲ್ಲರೂ. ನಾನು ಟೀಚರು ಎಂಬ ಗಾಂಭೀರ್ಯದಿಂದ ಮೊದಲ ವಾರ ಬಾಯಿ ಬಿಗಿಹಿಡಿದೆ. ಎರಡನೆಯ ವಾರ ತುಟಿ ಅಲ್ಲಾಡಿಸಿದೆ. ಮೂರನೆಯ ವಾರದ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಾನೇ ಎಂದು ಬಾಷಣ್ಣ ಕೊನೆಯವರೆಗೂ ಹಂಗಿಸುತ್ತಿದ್ದ. ಹೀಗೆ ಆ ಮೋರಿಗೆ ಹೆಸರು ಬಂತು. "ಎಮ್ಮೆ ಸ್ಟಾಪಿಗೆ ಒಂದು ಕೊಡ್ರಿ" ಎಂದು ಜನ ಟಿಕೆಟ್ ಕೇಳತೊಡಗಿದರು.

ಗಂಗಮ್ಮನವರಿಗೆ ಮಾತ್ರ ಇದರಿಂದ ಹೇಳಲಾರದ ನಾಚಿಕೆ. ಒಮ್ಮೆ ಬಸ್ಸು ಹತ್ತಿ, ತಮ್ಮ ಧ್ವನಿ ಡಬ್ಬಿಯಿಂದ ಬಂದದ್ದನ್ನೂ ಅದಕ್ಕೆ ಇಡೀ ಬಸ್ಸು ದನಿಗೂಡಿಸಿದ್ದನ್ನೂ ಕೇಳಿ, ಸೆರಗನ್ನು ಮುಖಕ್ಕೆ ಎಳೆದುಕೊಂಡರು. "ಊರ್ ಮಂದಿ ಮುಂದೆಲ್ಲ ನನ್ನ ಬಾಯಿ ಹರಾಜು ಹಾಕಿದ್ಯಲ್ಲೋ ಮೂಳ! ಇನ್ನ ಈ ಬಸ್ಸು ನಾನು ಹತ್ತಲ್ಲ" ಎಂದು ಇಳಿದು ಹೋದರು. ಆಮೇಲೆ ಸಂತೆಗೆ ಹೋಗಲೂ ಬೇರೆ ಬಸ್ಸಿಗೆ ಕಾಯುತ್ತಿದ್ದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸುಖದ ಸಂಸಾರಕ್ಕೆ ಕಲ್ಲು ಬಿದ್ದದ್ದು ಒಂದು ಮಳೆಗಾಲದಲ್ಲಿ. ಹಾಲೇಶಣ್ಣನಿಗೆ ಜ್ವರ ಬಂದು, ಜಗಳೂರು ಕಡೆಯ ಒಬ್ಬ ಬದಲಿ ಡ್ರೈವರ್ ಬಂದಿದ್ದ. ಮಳೆ ಹೊಯ್ಯುತ್ತಿತ್ತು. ಕಿಟಕಿಗಳಿಗೆಲ್ಲ ಟಾರ್ಪಾಲಿನ ಪರದೆ ಇಳಿಬಿಟ್ಟು ಬಸ್ಸಿನೊಳಗೆ ಕತ್ತಲೆ. ಪಾಪ, ಗೊತ್ತಿಲ್ಲದ ರಸ್ತೆಯೆಂದು ಆ ಮನುಷ್ಯ ನಿಧಾನವಾಗಿ, ಜೋಪಾನವಾಗಿ ಓಡಿಸುತ್ತಿದ್ದ. ಟೇಪ್ ಮಾತ್ರ ತನ್ನ ಪಾಡಿಗೆ ತಾನು ಹಾಡುತ್ತಾ ಬಸ್ಸಿಗಿಂತ ಬಹಳ ಮುಂದೆ ಹೋಗಿತ್ತು. ಎಮ್ಮೆ ಬಿಚ್ಚಿಕೊಂಡಿತು, ಬಾಷಣ್ಣ ಅಭ್ಯಾಸಬಲದಿಂದ ಸೀಟಿ ಊದಿದ, ಡ್ರೈವರ್ ನಿಲ್ಲಿಸಿದ, ಎಮ್ಮೆ ಸ್ಟಾಪಿನವರು ಇಳಿದರು. ಇಳಿದದ್ದು ಯಾರದೋ ಗದ್ದೆಯ ಬದುವಿಗೆ. ಇನ್ನೊಂದು ಹಾಡಾದ ಮೇಲೆ ಸಂತೇಬೆನ್ನೂರಿನ ಚರಣ ಬಂತು. ನಾನು ಎದ್ದೆ. ನನ್ನ ಹಿಂದೆ ಹೊನ್ನಾಳಿ ಕಡೆಯಿಂದ ಹೆಣ್ಣು ನೋಡಲು ಹೊರಟವರ ಗುಂಪೊಂದು ಹೂವು ಹಣ್ಣು ಹಿಡಿದು ಕುಳಿತಿತ್ತು. ಸಂತೇಬೆನ್ನೂರು ಬಂದರೆ ಹೇಳಿ ಎಂದು ಅವರು ಮೊದಲೇ ಕೇಳಿದ್ದರು. ಬಸ್ಸಿನವರೆಲ್ಲ ಒಕ್ಕೊರಲಿನಿಂದ "ಇದೇ ಇದೇ, ಇಳೀರಿ" ಎಂದರು. ಇಳಿದೆವು. ಬಸ್ಸು ಹೊರಟುಹೋಯಿತು. ಸುತ್ತ ನೋಡಿದರೆ ಊರೂ ಇಲ್ಲ, ಕೇರಿಯೂ ಇಲ್ಲ, ಕೆಸರು ಮತ್ತು ಕೊಕ್ಕರೆ. ಕಣ್ಣು ಬಿಟ್ಟು ನೋಡಿ ಕಲಿಯಿರಿ ಎಂದು ದಿನಾ ಮಕ್ಕಳಿಗೆ ಹೇಳುತ್ತಿದ್ದ ನಾನು, ಕೊಡೆ ಬಿಚ್ಚಿಕೊಂಡು ಹೆಣ್ಣು ನೋಡುವವರ ಮೆರವಣಿಗೆಯ ಮುಂದಾಳಾಗಿ ನಡೆದೆ.

ಆ ಸಂಬಂಧ ಕೂಡಿಬಂತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ನಿಮಗೆ ಚಿಂತೆ ಬೇಡ. ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ನಗುತ್ತಾ ಬಂದ ಹುಡುಗನನ್ನು ಹುಡುಗಿ ಒಂದೇ ನೋಟಕ್ಕೆ ಒಪ್ಪಿದಳಂತೆ. ಆದರೆ ಹುಡುಗಿಯ ಅಪ್ಪನಿಗೆ ಆದ ಅವಮಾನ ಅಷ್ಟಕ್ಕೆ ತಣ್ಣಗಾಗಲಿಲ್ಲ. ಅವರು ನೇರವಾಗಿ ಬಸ್ಸಿನ ಮಾಲೀಕರಾದ ಸಾಹುಕಾರರ ಮನೆಗೆ ಹೋಗಿ ಕೂಗಾಡಿ ಬಂದರು. ಸಾಹುಕಾರರು ಬಿಳಿ ಪಂಚೆ, ಬಿಳಿ ಅಂಗಿ, ಮುಖದ ಮೇಲೆ ನಗು ಕಾಣದ ಮನುಷ್ಯ.

"ಟೇಪ್ ಕಿತ್ತು ಹಾಕ್ತೀನಿ. ಬಸ್ಸು ಇರಾದು ಜನಾನ ಊರಿಗೆ ಮುಟ್ಸಾಕೆ, ಹಾಡು ಕೇಳ್ಸಾಕಲ್ಲ" ಎಂದರು.

ಹಾಲೇಶಣ್ಣ ಜ್ವರದಿಂದ ಎದ್ದು ಬಂದವನು ಅವರ ಮುಂದೆ ಕೈಕಟ್ಟಿ ನಿಂತನಂತೆ. "ನಾನು ಓಡ್ಸುವಾಗ ಒಂದ್ ದಿನ ಕುಂತು ನೋಡ್ರಿ ಸಾಹುಕಾರ್ರೆ. ಆಮೇಲೂ ಬ್ಯಾಡ ಅನ್ಸಿದ್ರೆ ನಾನೇ ಬಿಚ್ಚಿ ಕೊಡ್ತೀನಿ" ಎಂದನಂತೆ. ಇದನ್ನು ನಮಗೆ ಹೇಳಿದವನು ಬಾಷಣ್ಣ. ಆ ಹಾಡುಗಳಿಲ್ಲದೆ ಆ ರಸ್ತೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ.

ಗೊತ್ತು ಮಾಡಿದ ದಿನ ಸಾಹುಕಾರರು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಹಾಲೇಶಣ್ಣ ಕ್ಯಾಸೆಟ್ಟನ್ನು ಅಂಗಿಗೆ ಎರಡು ಸಲ ಒರೆಸಿ ಒಳಗೆ ಹಾಕಿ, ಕೆಂಪು ಉಗುರಿನ ಬೆರಳಿಂದ ಗುಂಡಿ ಒತ್ತಿದ. ದೇವರ ಹಾಡು ಮುಗಿಯಿತು, ಓಡುವ ಹಾಡು ಬಂತು, ಬಸ್ಸು ಅದರ ತಾಳಕ್ಕೇ ಓಡಿತು. ಸಾಹುಕಾರರು ಕಿಟಕಿಯ ಕಡೆ ನೋಡುತ್ತಾ ಕಲ್ಲಿನಂತೆ ಕುಳಿತಿದ್ದರು. ನಲ್ಲೂರಿನಲ್ಲಿ ಬಸ್ಸು ನಿಂತಾಗ ಹತ್ತಿದವರನ್ನು ಕಂಡು ನಾವೆಲ್ಲ ಬೆರಗಾದೆವು. ಗಂಗಮ್ಮನವರು! ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ನೇರವಾಗಿ ಸಾಹುಕಾರರ ಮುಂದೆ ನಿಂತರು.

"ನನ್ನ ಬಾಯಿ ಜೋರಾತು ಅಂತ ಟೇಪ್ ಕೀಳ್ತೀರಂತಲ್ರೀ. ನಂದೊಂದು ಮಾತು ಅಳಿಸಿಬಿಡ್ರಿ. ಹುಡುಗನ ಹಾಡು ಬಿಟ್ಬಿಡ್ರಿ" ಎಂದರು. ಪಾಪ, ತಮ್ಮ ಕೂಗಿನಿಂದಲೇ ಇಷ್ಟೆಲ್ಲ ಆಯಿತೆಂದು ಅವರು ತಿಳಿದಿದ್ದರು.

ಸಾಹುಕಾರರು "ಕುಂತ್ಕಳ್ಳಮ್ಮ ಮೊದ್ಲು" ಎಂದರು. ಬಾಷಣ್ಣ ರೈಟ್ ಎಂದ. ಬಸ್ಸು ಹೊರಟಿತು. ಇನ್ನೇನು ಮೋರಿ ಬರಬೇಕು, ಆಗ ಟೇಪಿನ ಡಬ್ಬಿಯೊಳಗಿಂದ ಕರಕರ ಎಂಬ ಸದ್ದು ಬಂತು. ಹಾಡು ಎಳೆದೆಳೆದು ದಪ್ಪನಾಗಿ, ಹೋರಿಯ ದನಿಯಾಗಿ, ನಿಂತೇಹೋಯಿತು. ಟೇಪು ಸುತ್ತಿಕೊಂಡಿತ್ತು. ಹಾಲೇಶಣ್ಣ ಕೈ ಮೇಲೆತ್ತಿ ಮತ್ತೆ ಸ್ಟೇರಿಂಗಿಗೆ ಇಳಿಸಿದ, ಓಡುವ ಬಸ್ಸಿನಲ್ಲಿ ಅವನಾದರೂ ಏನು ಮಾಡಿಯಾನು? ಅವನ ಕಿವಿ ಕೆಂಪಾದದ್ದನ್ನು ಹಿಂದಿನಿಂದ ನೋಡಿದೆ. ಬಸ್ಸಿನಲ್ಲಿ ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆ ಬಸ್ಸಿಗೆ ಅಷ್ಟು ಜೋರಾದ ಎಂಜಿನ್ ಇದೆಯೆಂದು ನನಗೆ ಗೊತ್ತಾದದ್ದೇ ಆ ದಿನ.

ಹುಣಸೇಮರ ಕಾಣಿಸಿತು. ಯಾರೂ ತುಟಿ ಬಿಚ್ಚಲಿಲ್ಲ. ಸಾಹುಕಾರರ ಎದುರಿಗೆ ಕೂಗುವುದು ಹೇಗೆ? ಬಾಷಣ್ಣ ಕೂಡ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದಲೋ ಬೇಡವೋ ಎಂದು ನಿಂತಿದ್ದ. ಆಗ ಎದ್ದಿತು ನೋಡಿ, ಸಾಕ್ಷಾತ್ ಆ ಗಂಟಲು:

"ಏ ಹಾಲೇಶಾ, ಎಮ್ಮೆ ಬಿಚ್ಕೊಂಡೈತೆ ನೋಡೋ!"

ಸೆರಗು ಜಾರಿ, ಕತ್ತು ನೆಟ್ಟಗೆ ಮಾಡಿಕೊಂಡು, ನಾಚಿಕೆಯನ್ನೆಲ್ಲ ಗಾಳಿಗೆ ತೂರಿ ಗಂಗಮ್ಮನವರು ಕೂಗಿದ್ದರು. ಹಾಲೇಶಣ್ಣನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಬಸ್ಸು ಮೋರಿಯ ಹತ್ತಿರ, ಪ್ರತಿದಿನ ನಿಲ್ಲುತ್ತಿದ್ದಲ್ಲೇ ನಿಂತಿತು. ಇಳಿಯುವವರು ಇಳಿದರು. ಆಮೇಲೆ ಒಬ್ಬರು ನಕ್ಕರು, ಹತ್ತು ಜನ ನಕ್ಕರು, ಬಸ್ಸು ಪೂರ್ತಿ ನಕ್ಕಿತು. ನಾನು ನಕ್ಕೆನೋ ಅತ್ತೆನೋ ಹೇಳಲಾರೆ, ಕಣ್ಣಲ್ಲಿ ನೀರಂತೂ ಬಂದಿತ್ತು. ಸಾಹುಕಾರರು ಮಾತ್ರ ಹಾಗೇ ಕುಳಿತಿದ್ದರು. ಅವರ ಹೆಗಲು ಅಲ್ಲಾಡುತ್ತಿರುವುದನ್ನು ಮೊದಲು ಕಂಡವನು ಬಾಷಣ್ಣ.

ಮುಂದಿನ ದಾರಿಗೆ ಹಾಡಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸಾಹುಕಾರರು ಯಾರಿಗೆಂದಿಲ್ಲದೆ ಹೇಳಿದರು: "ಏನಪ್ಪ ಇದು, ಬಸ್ಸು ಓಡ್ತಾ ಇದ್ರೂ ಕೆಟ್ಟು ನಿಂತಂಗೆ ಐತೆ."

ಸಂತೇಬೆನ್ನೂರು ಬಂತು. ಅವರು ಇಳಿದು, ಹರಿದದ್ದನ್ನು ಅಂಟಿಸಲು ಏನು ಬೇಕೆಂದು ಬಾಷಣ್ಣನನ್ನು ಕೇಳಿದರು. ಬಾಷಣ್ಣ ಹೇಳಿದ. ಆ ಬಿಳಿ ಪಂಚೆಯ ಹಿರಿಯರು ರಸ್ತೆ ದಾಟಿ, ಹೆಂಗಸರು ಮುತ್ತಿಕೊಂಡಿದ್ದ ಬಳೆ ಅಂಗಡಿಯ ಮುಂದೆ ನಿಂತರು. ಶಾಲೆಗೆ ಹೊತ್ತಾಗಿದ್ದರೂ ನಾನು ಅಲ್ಲಾಡಲಿಲ್ಲ. ಇಂಥ ನೋಟ ಜೀವಮಾನಕ್ಕೊಮ್ಮೆ. ಅವರು ವಾಪಸು ಬಂದು, ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಡ್ರೈವರನ ಬಾಗಿಲ ಬಳಿ ನಿಂತು ಮೆಲ್ಲಗೆ ಕೇಳಿದರು:

"ಕೆಂಪು ಖಾಲಿ ಆಗೈತಂತೆ. ಗುಲಾಬಿ ನಡಿತೈತೇನೋ?"

"ನಡಿತೈತ್ರಿ ಸಾಹುಕಾರ್ರೆ" ಎಂದ ಹಾಲೇಶಣ್ಣ. ಎರಡೂ ಕೈ ಚಾಚಿ ಬಾಟಲಿ ತೆಗೆದುಕೊಂಡ.

ಬದಲಿ ಡ್ರೈವರ್ ಬಂದ ದಿನ ಟೇಪ್ ಹಾಕಬಾರದು ಎಂಬುದೊಂದೇ ಅವರು ಹಾಕಿದ ಷರತ್ತು. ಆದರೆ ಸುತ್ತಿಕೊಂಡ ಜಾಗದಲ್ಲಿ ಮೂರು ಬೆರಳಗಲದಷ್ಟು ಟೇಪು ನುಜ್ಜುಗುಜ್ಜಾಗಿತ್ತು, ಕತ್ತರಿಸಿ ತೆಗೆಯದೆ ಗತಿ ಇರಲಿಲ್ಲ. ಹಾಡುಗಳು ರಸ್ತೆಗೆ ತಪ್ಪಬಾರದಲ್ಲ, ಅದಕ್ಕೆ ಹಾಲೇಶಣ್ಣ ಆ ಜಾಗಕ್ಕೆ ಅಷ್ಟೇ ಉದ್ದದ ಖಾಲಿ ತುಂಡನ್ನು ಗುಲಾಬಿ ಬಣ್ಣದಿಂದ ಅಂಟಿಸಿದ. ಮರುದಿನದಿಂದ ಟೇಪು "ಏ ಹಾಲೇಶಾ" ಎಂದು ಸುಮ್ಮನಾಗುತ್ತಿತ್ತು, ಆಮೇಲೆ "ನೋಡೋ" ಎನ್ನುತ್ತಿತ್ತು. ನಡುವಿನದನ್ನು ತುಂಬುವುದು ನಮ್ಮ ಕೆಲಸ. "ಎಮ್ಮೆ ಬಿಚ್ಕೊಂಡೈತೆ!" ಎಂದು ನಾವು ಒಂದು ದಿನವೂ ತಪ್ಪಿಸದೆ ತುಂಬಿದೆವು. ಗಂಗಮ್ಮನವರೂ ಮತ್ತೆ ಆ ಬಸ್ಸಿಗೇ ಹತ್ತತೊಡಗಿದರು, ಅವರಿದ್ದ ದಿನ ನಮ್ಮ ಕೂಗಿಗೆ ವಿಶೇಷ ಮೆರುಗು.

ಆಮೇಲೆ ನನಗೆ ನ್ಯಾಮತಿ ಕಡೆಗೆ ವರ್ಗವಾಯಿತು. ಕೊನೆಯ ದಿನ ಸಂತೇಬೆನ್ನೂರಿನಲ್ಲಿ ಇಳಿಯಲು ಎದ್ದಾಗ ಹಾಲೇಶಣ್ಣ ತಿರುಗಿ ನೋಡಿ, "ಕುಂತ್ಕಳ್ರಿ ಟೀಚರಮ್ಮ, ಇವತ್ತು ಪೂರಾ ಕೇಳಿ ಇಳೀರಿ" ಎಂದು ಬಸ್ಸು ನಿಲ್ಲಿಸಿಕೊಂಡೇ ಕಾದ. ಎರಡನೆಯ ಚರಣವನ್ನು ನಾನು ಕೇಳಿದ್ದು ಅಂದೇ. ಮೊದಲನೆಯದರಷ್ಟು ಚೆನ್ನಾಗಿರಲಿಲ್ಲ. ಆದರೂ ಅಷ್ಟು ಸಂತೋಷದಿಂದ ನಾನು ಯಾವ ಹಾಡನ್ನೂ ಕೇಳಿಲ್ಲ.

ಇಷ್ಟನ್ನೂ ಸಿಂಚನಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳ ಹತ್ತೂ ಉಗುರು ಒಣಗಿದ್ದವು. ಗಂಗಮ್ಮನವರು ಹೋಗಿ ಎಷ್ಟೋ ಕಾಲವಾಯಿತು, ಆ ಬಸ್ಸೂ ಇಲ್ಲ, ಕ್ಯಾಸೆಟ್ ಹಾಕುವ ಯಂತ್ರವೇ ಇಲ್ಲ ಎಂದು ಹೇಳಿ ನಾನು ನಿಟ್ಟುಸಿರು ಬಿಡಲು ಸಿದ್ಧಳಾಗಿದ್ದೆ. ಅವಳು ಬಿಡಲಿಲ್ಲ.

"ಅತ್ತೆ, ಎಮ್ಮೆ ಸ್ಟಾಪ್ ಈಗಲೂ ಐತೆ! ನಾನು ದಿನಾ ಹೋಗೋ ಬಸ್ಸಿಗೆ ನನ್ನ ಫ್ರೆಂಡ್ ಅಲ್ಲೇ ಹತ್ತಾದು. ಅಲ್ಲಿ ಯಾರೋ ಎಮ್ಮೆ ಕಟ್ತಿದ್ರು, ಅದಕ್ಕೇ ಆ ಹೆಸ್ರು ಅಂದ್ಕಂಡಿದ್ದೆ" ಎಂದಳು.

ನಿಟ್ಟುಸಿರು ಎಲ್ಲಿಗೆ ಹೋಯಿತೋ ತಿಳಿಯದು. ಬಾಟಲಿ ತೆರೆಯಲು ಹೇಳಿ ಬಲಗೈ ಚಾಚಿದೆ. "ಯಾವ ಉಗುರಿಗತ್ತೆ?" ಎಂದಳು. ಹೆಬ್ಬೆರಳು ತೋರಿಸಿದೆ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಫೋನ್ ಬಂತು. ಬಸ್ಸಿನ ಗದ್ದಲ. ಅದರ ನಡುವೆ ಯಾವುದೋ ಎಳೆಯ ಕಂಡಕ್ಟರನ ದನಿ: "ಎಮ್ಮೆ ಸ್ಟಾಪ್, ಎಮ್ಮೆ ಸ್ಟಾಪ್ ಯಾರ್ರೀ, ಮುಂದ್ ಬರ್ರೀ!" ಅದರ ಬೆನ್ನಿಗೇ ಸಿಂಚನ, ಬಸ್ಸಿನವರೆಲ್ಲ ಕೇಳುವಂತೆ, "ಏ ಹಾಲೇಶಾ!" ಎಂದಳು. ಹಾಗೆಂದು ಸುಮ್ಮನಾದಳು. ನನಗಾಗಿ ಜಾಗ ಬಿಟ್ಟು ಕಾಯುತ್ತಿದ್ದಳು.

ಕೈಯಲ್ಲಿದ್ದ ಸೌಟನ್ನು ಮೇಲೆತ್ತಿ, ಅಷ್ಟು ವರ್ಷದ ಗಂಟಲನ್ನೆಲ್ಲ ಒಟ್ಟು ಮಾಡಿ ಕೂಗಿದೆ: "ಎಮ್ಮೆ ಬಿಚ್ಕೊಂಡೈತೆ!"

ಬಾಗಿಲಲ್ಲಿ ಹಾಲು ಅಳೆಯುತ್ತಿದ್ದ ಹಾಲಿನವನು ಕ್ಯಾನು ಅಲ್ಲೇ ಬಿಟ್ಟು ಬೀದಿಗೆ ಹಾರಿದ. "ಯಾರ್ದ್ರೀ ಅಮ್ಮಾ? ನಮ್ದಾ?"